ಕೋಳಿ ಲೆಕ್ಕ ಹಿಡಿದು ಫುಟ್‌ಬಾಲ್ ನೋಡಿದ್ದು

ನಾನು ಕೂತು ಫುಟ್‌ಬಾಲ್ ನೋಡಲು ಶುರುಮಾಡಿದ್ದು ಹಲ್ಲೆಲ್ಲ ಉದುರಿದ ಮೇಲೆ. ಅದಕ್ಕೂ ಮೊದಲು ಆ ಆಟದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೆ: ಶನಿವಾರ ಎಲ್ಲಾದರೂ ಆಟವಿದ್ದರೆ ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಗೆದ್ದವರೂ ಸೋತವರೂ ಒಂದೇ ಥರ ಕಿರುಚುವುದರಿಂದ ಯಾರು ಗೆದ್ದರೆಂದು ಮುಖ ನೋಡಿ ಹೇಳಲಿಕ್ಕೂ ಆಗುವುದಿಲ್ಲ. ಇಂಥ ನಾನು ಒಂದು ಚಳಿಗಾಲವಿಡೀ, ಹಾಲಿನವನೂ ಏಳದ ಹೊತ್ತಿಗೆ ಎದ್ದು, ಭೂಮಿಯ ಆ ಕಡೆ ಇರುವ ಆಸ್ಟ್ರೇಲಿಯಾದ ಹೆಂಗಸರು ಚೆಂಡು ಒದೆಯುವುದನ್ನು ನೋಡಿದೆ. ನೋಡಿದ್ದು ಮಾತ್ರವಲ್ಲ, ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳುತ್ತೇನೆಂದು ಹೊರಟೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ, ಮಾತು ತಪ್ಪಿದ ಕಡೆ ತಿದ್ದಲು ನಾನು ಬಿಟ್ಟಿಲ್ಲ.

ಎಲ್ಲದಕ್ಕೂ ಕಾರಣ ಮೊಮ್ಮಗಳು. ನನ್ನ ಮಗಳ ಒಬ್ಬಳೇ ಮಗಳು. ಹುಟ್ಟಿದ್ದು, ಬೆಳೆದದ್ದು ಈಸ್ಟ್ ಹ್ಯಾಮಿನ ಇದೇ ಫ್ಲಾಟಿನಲ್ಲಿ. ನಡೆಯಲು ಕಲಿತ ದಿನದಿಂದ ಏನು ಸಿಕ್ಕಿದರೂ ಒದೆಯುತ್ತಿದ್ದಳು. ಈರುಳ್ಳಿ ಒದ್ದಿದ್ದಾಳೆ, ತೆಂಗಿನಕಾಯಿ ಒದ್ದು ಉಗುರು ಕಿತ್ತುಕೊಂಡಿದ್ದಾಳೆ. ಅದೊಂದು ಕಾಯಿಲೆ, ದೊಡ್ಡವಳಾದ ಮೇಲೆ ಹೋಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಹೋಗಲಿಲ್ಲ. ಇಲ್ಲಿನ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಆಡಿದಳು, ಜೊತೆಗೆ ಓದಿದಳು. ಲಂಡನ್ನಿನ ದೊಡ್ಡ ಕ್ಲಬ್ಬಿನವರು ಯಾರೂ ಕರೆಯಲಿಲ್ಲ. ಕರೆದವರು ಆಸ್ಟ್ರೇಲಿಯಾದವರು. ಅಲ್ಲಿ ಹೆಂಗಸರಿಗೂ ಒಂದು ಲೀಗ್ ಇದೆ, ಸಂಬಳ ಕೊಟ್ಟು ಆಡಿಸುತ್ತಾರೆ. ಸಮುದ್ರದ ಬದಿಯ ಒಂದು ಊರಿನ ಕ್ಲಬ್ಬು ಅವಳನ್ನು ಒಂದು ಸೀಸನ್ನಿನ ಮಟ್ಟಿಗೆ ಬಾ ಎಂದಿತು.

ಅದೇ ಹೊತ್ತಿಗೆ ಇಲ್ಲೇ ಲಂಡನ್ನಿನ ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನ ಆಫೀಸು ಕೂಡ ಅವಳನ್ನು ಆರಿಸಿತ್ತು. ಬೇಸಿಗೆಯ ತನಕ ಕಾಯುತ್ತೇವೆ ಎಂದು ಒಪ್ಪಿತ್ತು. ತಾಯಿ ಮಗಳು ಅಡುಗೆಮನೆಯಲ್ಲಿ ಎದುರೆದುರು ನಿಂತರು.

"ಒಂದ್ ಸೀಸನ್. ಒಂದೇ," ಎಂದಳು ನನ್ನ ಮಗಳು. "ಅವ್ರ್ ಮತ್ತೊಂದ್ ವರ್ಷಕ್ಕೆ ಇಟ್ಕಂಡ್ರೆ ಆಡ್, ನಾನ್ ಬಾಯಿ ತೆಗೂದಿಲ್ಲೆ. ಇಟ್ಕಣ್ದೇ ಇದ್ರೆ ಬಂದ್ ಸೀದಾ ಆಫೀಸಿಗ್ ಹೋಯ್ಕ್. ಮತ್ತೆ ಚೆಂಡ್ ಗಿಂಡ್ ಅಂದ್ ರಾಗ ಎಳೂಕಾಗ."

"ಡೀಲ್," ಎಂದಳು ಮೊಮ್ಮಗಳು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡೂ ಬೇಡ, ಮೊದಲು ಅನ್ನ ಬಸಿಯಲು ಕಲಿ ಎನ್ನುತ್ತಿದ್ದೆ. ಗೊತ್ತಿದ್ದೇ ಕೇಳಲಿಲ್ಲ.

ಮೊದಲ ಆಟದ ದಿನ ಮಗಳು ಟಿವಿಗೆ ಏನೋ ಆ್ಯಪ್ ಹಾಕಿ ಕೊಟ್ಟಳು. ಅಲ್ಲಿ ಭಾನುವಾರ ಮಧ್ಯಾಹ್ನ ಕಳೆದ ಬಿಸಿಲು, ಇಲ್ಲಿ ಕಿಟಕಿಯ ಹೊರಗೆ ಗವ್ವೆನ್ನುವ ಕತ್ತಲೆ. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಕೂತೆ. ಅಂಗಳದಲ್ಲಿ ಓಡುವವರಲ್ಲಿ ನಮ್ಮ ಹುಡುಗಿ ಇರಲಿಲ್ಲ. ಕ್ಯಾಮೆರಾ ಒಮ್ಮೆ ಬದಿಗೆ ತಿರುಗಿದಾಗ ಕಂಡಳು: ಗೆರೆಯ ಆಚೆ, ಯಾರನ್ನೂ ಮುಟ್ಟದೆ, ಮೇಲೊಂದು ಬೇರೆ ಬಣ್ಣದ ಬನಿಯನ್ನು ಹಾಕಿಕೊಂಡು, ಮುಖ ಸಣ್ಣ ಮಾಡಿ ಕೂತಿದ್ದಳು. ನಮ್ಮ ಊರಲ್ಲಿ ನನ್ನ ಕಾಲದ ಹೆಂಗಸರು ತಿಂಗಳಲ್ಲಿ ಮೂರು ದಿನ ಜಗಲಿಯ ಮೂಲೆಯಲ್ಲಿ ಹೀಗೇ ಕೂರುತ್ತಿದ್ದುದು, ಬಟ್ಟೆಯೂ ಬೇರೆಯೇ.

"ಪಾಪ, ಆಟದ ದಿನವೇ ಬರ್ಕಾ ಅದ್?" ಎಂದೆ.

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೈಯಲ್ಲಿದ್ದ ಕಾಫಿ ಚೆಲ್ಲಿತು. "ಅಮ್ಮಾ! ಅದ್ ಬೆಂಚ್! ಯಾರಿಗಾರೂ ಸುಸ್ತಾಯ್ತ್ ಅಂದ್ರೆ ಇವ್ರನ್ನ್ ಒಳಗ್ ಕಳ್ಸುದ್!"

ಅಲ್ಲಿ ಅವಳ ಜೊತೆ ಇನ್ನೂ ನಾಲ್ಕೈದು ಹುಡುಗಿಯರು ಅದೇ ಬನಿಯನ್ನು ಹಾಕಿ ಕೂತಿದ್ದರು. ಎಲ್ಲರಿಗೂ ಒಂದೇ ದಿನ ಹೇಗೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸುವವಳಾಗಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಆ ದಿನ ನಮ್ಮವರು ಸೋತರು. ಮುಂದಿನ ವಾರವೂ ಸೋತರು. ಅದರ ಮುಂದಿನ ವಾರ ಒಬ್ಬ ಹುಡುಗಿಯ ಮೊಣಕಾಲು ತಿರುಚಿ, ನಮ್ಮವಳನ್ನು ಒಳಗೆ ಬಿಟ್ಟರು. ಅವಳು ಗೋಲು ಹೊಡೆಯುವವಳಲ್ಲ. ಹಿಂದೆ ನಿಂತು, ಹೊಡೆಯಲು ಬಂದವರನ್ನು ಅಡ್ಡ ಹಾಕುವವಳು. ಟಿವಿಯವರು ಅವಳ ಹೆಸರು ಹೇಳುವುದು ಅವಳು ತಪ್ಪು ಮಾಡಿದಾಗ ಮಾತ್ರ. ಮನೆಗೆಲಸದ ಹಾಗೆಯೇ, ಮಾಡಿದರೆ ಕಾಣುವುದಿಲ್ಲ, ಬಿಟ್ಟರೆ ಎಲ್ಲರಿಗೂ ಕಾಣುತ್ತದೆ.

ನನಗೆ ಆಟ ಅರ್ಥವಾಗುತ್ತಿರಲಿಲ್ಲ. ಆಫ್‌ಸೈಡ್ ಎಂಬುದನ್ನು ಮಗಳು ಉಪ್ಪಿನ ಡಬ್ಬಿ, ಹಿಂಗಿನ ಡಬ್ಬಿ ಇಟ್ಟು ಹೇಳಿಕೊಟ್ಟಳು. ನನಗೆ ತಲೆಯೊಳಗೆ ಹೋದದ್ದು ಹಿಂಗು ಮುಗಿದಿದೆ ಎಂಬುದು ಮಾತ್ರ. ಆದರೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನಮ್ಮವರ ಅಂಗಿ ಕಂದು, ಹುರಿದ ಕಾಫಿ ಬೀಜದ ಬಣ್ಣ. ಆ ದಿನ ಎದುರಿನವರದ್ದು ಕಪ್ಪು. ಎರಡೂ ಕಡೆಯವರು ಕುತ್ತಿಗೆ ಮುಂದೆ ಮಾಡಿ, ಕಾಲು ಹಿಂದೆ ಎಳೆದು, ಒಬ್ಬರನ್ನೊಬ್ಬರು ಅಳೆಯುತ್ತಿದ್ದರು. ನಾನು ಇದನ್ನು ಮೊದಲೇ ನೋಡಿದ್ದೇನೆ ಅನ್ನಿಸಿತು.

ನನ್ನ ಅಪ್ಪಯ್ಯ ಕೋಳಿ ಅಂಕದವರು. ಕುಂದಾಪುರದ ಕಡೆ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಹುಂಜಗಳನ್ನು ಕಾದಾಡಲು ಬಿಡುತ್ತಾರೆ, ಕಾಲಿಗೆ ಸಣ್ಣ ಕತ್ತಿ ಕಟ್ಟಿ. ಸೋತ ಹುಂಜ ಗೆದ್ದವರ ಮನೆಯ ಸಾರಿಗೆ. ಯಾವ ವಾರ ಯಾವ ಬಣ್ಣದ ಕೋಳಿ ಯಾವ ಬಣ್ಣದ್ದನ್ನು ಹೊಡೆಯುತ್ತದೆ ಎಂಬುದಕ್ಕೆ ಹಳಬರು ಒಂದು ಲೆಕ್ಕ ಮಾಡಿ ಇಟ್ಟಿದ್ದಾರೆ. ತಿಥಿ, ನಕ್ಷತ್ರ, ಕೋಳಿಯನ್ನು ಯಾವ ದಿಕ್ಕಿನಿಂದ ಬಿಡಬೇಕು, ಎಲ್ಲ ಅದರಲ್ಲಿ ಉಂಟು. ಹೆಣ್ಣುಮಕ್ಕಳು ಅಂಕಕ್ಕೆ ಹೋಗುವ ಹಾಗಿಲ್ಲ, ಆದರೆ ಕೋಳಿಗಳಿಗೆ ಕಾಳು ಹಾಕುವ ಕೆಲಸ ನನ್ನದು. ಅಪ್ಪಯ್ಯ ಬದಿಯಲ್ಲಿ ಕೂತು ಬೀಡಿ ಎಳೆಯುತ್ತ ಆ ಲೆಕ್ಕವನ್ನು ರಾಗವಾಗಿ ಹೇಳುತ್ತಿದ್ದರು. ಶಾಲೆಯಲ್ಲಿ ಎರಡರ ಮಗ್ಗಿ ನನ್ನ ಬಾಯಿಗೆ ಬರಲಿಲ್ಲ, ಇದು ಬಂತು. ಬಂದದ್ದರಲ್ಲಿ ತಿಥಿ, ನಕ್ಷತ್ರ ಎಲ್ಲ ಯಾವ ಕಾಲಕ್ಕೋ ಸೋರಿಹೋಗಿ, ವಾರ ಮತ್ತು ಬಣ್ಣ ಮಾತ್ರ ತಳದಲ್ಲಿ ಉಳಿದಿತ್ತು.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದ ಅಪ್ಪಯ್ಯನ ಮನೆಯಲ್ಲಿ ಕೋಳಿ ಸಾರು ಯಾಕೆ ಅಷ್ಟು ಅಪರೂಪವಾಗಿತ್ತು ಎಂದು ನಾನು ಆಗ ಕೇಳಲಿಲ್ಲ. ಈ ಸಲವೂ ಕೇಳಿಕೊಳ್ಳಲಿಲ್ಲ.

ಟಿವಿಯ ಎದುರು ಕೂತು ವಾರ ನೋಡಿದೆ. ಕ್ಯಾಲೆಂಡರಿನಲ್ಲಿ ಭಾನುವಾರ. ಆದರೆ ನಮ್ಮಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಕಿಟಕಿಯ ಹೊರಗೆ ಇನ್ನೂ ಕತ್ತಲೆ, ಹಾಗಾಗಿ ಇನ್ನೂ ಶನಿವಾರವೇ. ಶನಿವಾರ ಕಂದು ಕೋಳಿ ಕಪ್ಪನ್ನೂ ಹೊಡೆಯುತ್ತದೆ, ಕೆಂಪನ್ನೂ ಹೊಡೆಯುತ್ತದೆ, ಬಿಳಿಗೆ ಮಾತ್ರ ಬಗ್ಗುತ್ತದೆ.

"ಇವತ್ತ್ ನಮ್ಮವ್ರ್ ಗೆಲ್ತ್ರ್," ಎಂದೆ.

ಗೆದ್ದರು.

ಮುಂದಿನ ವಾರ ಬಿಳಿ ಅಂಗಿಯವರು. ಸೋಲುತ್ತಾರೆ ಎಂದೆ. ಸೋತರು. ಅದರ ಮುಂದಿನ ವಾರ ಮತ್ತೆ ಸರಿಯಾಯಿತು. ಮಗಳು ನನ್ನನ್ನು ಒಂದು ಥರ ನೋಡತೊಡಗಿದಳು, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಸಂಶಯ ಬಂದಾಗ ನೋಡುವ ಹಾಗೆ.

ಎಲ್ಲ ಸಲವೂ ಇಷ್ಟು ಸಲೀಸಾಗಿರಲಿಲ್ಲ. ಆ ಲೀಗಿನಲ್ಲಿ ನೀಲಿಯವರಿದ್ದಾರೆ, ಕಿತ್ತಳೆಯವರಿದ್ದಾರೆ. ಕೋಳಿಯಲ್ಲಿ ಆ ಬಣ್ಣ ಎಲ್ಲಿಂದ ತರಲಿ? ನೀಲಿಯನ್ನು ಬೂದು ಕೋಳಿ ಎಂದು ಇಟ್ಟುಕೊಂಡೆ, ಕಿತ್ತಳೆಯನ್ನು ಕೆಂಪು ಎಂದೆ. ಕಿತ್ತಳೆಯವರು ನಮ್ಮನ್ನು ಹೊಡೆದ ದಿನ, ಅದು ಕೆಂಪಲ್ಲ, ಬಿಸಿಲು ಬಿದ್ದು ಹಾಗೆ ಕಂಡದ್ದು, ನಿಜಕ್ಕೂ ಹಳದಿ ಎಂದು ಮಗಳ ಹತ್ತಿರ ವಾದ ಮಾಡಿದೆ. ಅಪ್ಪಯ್ಯನೂ ಸೋತು ಬಂದ ದಿನ ಹೀಗೇ ಹೇಳುತ್ತಿದ್ದರು. ಗರಿಯ ಬುಡ ನೋಡಿದ್ದರೆ ಗೊತ್ತಾಗುತ್ತಿತ್ತು ಎಂದು.

ಮೊಮ್ಮಗಳಿಗೆ ಇದನ್ನು ಹೇಳಿದ್ದು ನಾನೇ, ಫೋನಿನಲ್ಲಿ. ಅವಳು ಮೊದಲು ಬೈದಳು. "ಅಮ್ಮಮ್ಮಾ, ದ್ಯಾಟ್ಸ್ ಕ್ರೂಯಲ್. ದ್ಯಾಟ್ಸ್ ಇಲ್ಲೀಗಲ್!"

"ಅಲ್ಲೂ ಇಲ್ಲೀಗಲ್ಲೇ ಮಾರಾಯ್ತಿ. ಪೊಲೀಸ್ರ್ ಬಂದ್ರೆ ನಿನ್ ಮುತ್ತಜ್ಜ ಕೋಳಿ ಕಂಕ್ಳಲ್ ಹಿಡ್ಕಂಡ್ ಕಾಡ್ ಹಾಡಿಗ್ ಓಡುದ್. ನಿಂಗ್ ಓಟ ಎಲ್ಲಿಂದ್ ಬಂತ್ ಅಂದ್ಕಂಡಿದ್ದೆ?"

ಬೈದವಳೇ ಹೋಗಿ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ಹೇಳಿದಳು. ಆ ಹುಡುಗಿಯರಿಗೆ ಮಾಡಲು ಬೇರೆ ಕೆಲಸವಿಲ್ಲ. ಪ್ರತಿ ಆಟಕ್ಕೂ ಮೊದಲು ಕೋಳಿ ಏನು ಹೇಳುತ್ತದೆ ಎಂದು ಅವಳಿಂದ ಫೋನ್ ಮಾಡಿಸಿ ಕೇಳತೊಡಗಿದರು. ಯಾರೋ ಪ್ಲಾಸ್ಟಿಕ್ಕಿನ ಹುಂಜವೊಂದನ್ನು ತಂದು ಬೂಟು ಇಡುವ ಕಪಾಟಿನ ಮೇಲೆ ನಿಲ್ಲಿಸಿದರು. ಅದರ ಫೋಟೋ ನನಗೆ ಬಂತು. ಕಾಲು ಗಿಡ್ಡ, ಕೊಕ್ಕು ವಾರೆ. ನಿಜದ್ದಾಗಿದ್ದರೆ ಅಪ್ಪಯ್ಯ ಅದನ್ನು ಅಂಕಕ್ಕೆ ಒಯ್ಯುತ್ತಿರಲಿಲ್ಲ, ಸೀದಾ ಮಸಾಲೆ ಅರೆಯಲು ಹೇಳುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ನಾನು ಹೋಟೆಲಿನಲ್ಲಿಯೂ ಬಾಯಿ ಬಿಟ್ಟೆ. ಹೈ ಸ್ಟ್ರೀಟಿನಲ್ಲಿ ನಮ್ಮ ಕಡೆಯವರದ್ದೊಂದು ಹೋಟೆಲಿದೆ. ಅದರ ಹಿಂದಿನ ಕೋಣೆಯಲ್ಲಿ ನಾನು ಬಹಳ ವರ್ಷ ತರಕಾರಿ ಹೆಚ್ಚಿದವಳು. ಈಗ ಕೈ ನಡುಗುತ್ತದೆ, ಕತ್ತಿ ಕೊಡುವುದಿಲ್ಲ. ಸುಮ್ಮನೆ ಹೋಗಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತೇನೆ. ಅಲ್ಲಿನ ಅಡುಗೆಯವರು ಭಟ್ಟರು, ಉಡುಪಿಯ ಕಡೆಯವರು. ಕೋಳಿ ಎಂಬ ಶಬ್ದ ಕೇಳಿದರೆ ಸಾಂಬಾರಿನ ಪಾತ್ರೆಗೆ ಮುಚ್ಚಳ ಮುಚ್ಚುವಷ್ಟು ಮಡಿಯವರು.

"ದೊಡ್ಡಮ್ಮ, ಆ ವಿಷ್ಯ ಎಲ್ಲಾ ಅಡಿಗಿಮನಿಯಲ್ಲ್ ಬ್ಯಾಡ," ಎಂದರು ಭಟ್ಟರು. ಸ್ವಲ್ಪ ಹೊತ್ತು ಬಿಟ್ಟು, ದೋಸೆ ತಿರುವುತ್ತ, ಆ ಕಡೆ ನೋಡಿಕೊಂಡೇ ಕೇಳಿದರು: "ಈ ವಾರ ಎದುರಿನವ್ರದ್ದ್ ಎಂತ ಬಣ್ಣ?"

ಸೀಸನ್ನಿನ ನಡುವಿಗೆ ಬರುವಾಗ ಅಡುಗೆಮನೆಯಲ್ಲಿ ಪಂಥ ಶುರುವಾಗಿತ್ತು. ಸೋತವರು ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ ತಿಕ್ಕಬೇಕು. ನನ್ನ ಮಾತು ನಂಬಿದವರು ಒಂದು ಕಡೆ, ನಂಬದವರು ಒಂದು ಕಡೆ. ನಂಬದವರ ಕೈ ಬೂದಿ ಬಣ್ಣಕ್ಕೆ ತಿರುಗಿತು. ನನಗೆ ಕಾಫಿ ಕೇಳದೆಯೇ ಬರತೊಡಗಿತು, ಅದೂ ಸ್ಟೀಲ್ ಲೋಟದಲ್ಲಿ, ನೊರೆಯ ಸಮೇತ. ತರಕಾರಿ ಹೆಚ್ಚಿದ ಅಷ್ಟು ವರ್ಷದಲ್ಲಿ ಬಾರದ ನೊರೆ. ನಾನು ಕುರ್ಚಿಗೆ ಒರಗಿ ಕೂರಲು ಕಲಿತೆ. ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆ. ಲೆಕ್ಕಕ್ಕೆ ಅಷ್ಟು ಹೊತ್ತು ಬೇಡ, ಆದರೆ ತಕ್ಷಣ ಹೇಳಿದರೆ ಬೆಲೆ ಇರುವುದಿಲ್ಲ.

ಜಿಪಿ ಡಾಕ್ಟರಮ್ಮನ ಹತ್ತಿರ ಹೋದಾಗ ರಕ್ತದೊತ್ತಡ ಏರಿದೆ ಎಂದಳು. ಮನೆಯಲ್ಲಿ ಏನಾದರೂ ಚಿಂತೆ ಉಂಟೋ ಎಂದು ಕೇಳಿದಳು. ನಾನು ನಿಜವನ್ನೇ ಹೇಳಿದೆ, ನಮ್ಮ ತಂಡದ ಎಡಗಡೆ ಹಿಂದೆ ಪೂರ್ತಿ ಖಾಲಿ, ಆ ಹುಡುಗಿ ಮುಂದೆ ಓಡಿದವಳು ಹಿಂದೆ ಬರುವುದೇ ಇಲ್ಲ ಎಂದು. ಮಗಳು ಅದನ್ನು ಇಂಗ್ಲಿಷಿಗೆ ತಂದು, ಅಮ್ಮನಿಗೆ ನಿದ್ದೆ ಕಡಿಮೆ ಎಂದಳು.

ಹೀಗೆ ಕೊನೆಯ ಆಟ ಬಂತು. ಅಷ್ಟರಲ್ಲಿ ನಮ್ಮವರು ಪಟ್ಟಿಯ ನಡುವೆ ಎಲ್ಲೋ ನೇತಾಡುತ್ತಿದ್ದರು. ಮೇಲಿನ ಕೆಲವು ತಂಡಗಳಿಗೆ ಮಾತ್ರ ಮುಂದಿನ ಸುತ್ತು. ಕೊನೆಯ ಆಟದಲ್ಲಿ ಗೆಲ್ಲಬೇಕೆಂದಿಲ್ಲ, ಸೋಲದಿದ್ದರೆ ಸಾಕು, ಒಳಗೆ ಹೋಗುತ್ತಾರೆ. ಮೊಮ್ಮಗಳು ಫೋನಿನಲ್ಲಿ ತಾಯಿಗೆ ಬಿಡಿಸಿ ಹೇಳಿದಳು: ಒಳಗೆ ಹೋದರೆ ಕ್ಲಬ್ಬಿಗೆ ದುಡ್ಡು ಬರುತ್ತದೆ, ಹೊರಗಿನಿಂದ ಬಂದ ಹುಡುಗಿಯರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೆ. ಇಲ್ಲವಾದರೆ ಅವಳಂಥವರಿಗೆ ವಿಮಾನದ ಟಿಕೆಟ್ಟು. ಬ್ಯಾಂಕಿನವರು ಕೂಡ ಅದೇ ವಾರ, ಬರುತ್ತೀಯೋ ಇಲ್ಲವೋ ಹೇಳು ಎಂದು ಬರೆದಿದ್ದರು.

ಎದುರಿನವರು ಕೆಂಪು ಅಂಗಿಯವರು. ನಾನು ಹೋಟೆಲಿನಲ್ಲಿ ಕೊತ್ತಂಬರಿ ಬಿಡಿಸುತ್ತ, ಕಣ್ಣು ಕೂಡ ಮುಚ್ಚದೆ, "ಕಂದು. ಶನಿವಾರ ಕಂದು ಕೆಂಪನ್ನ ಹೊಡಿತ್ತ್" ಎಂದು ಘೋಷಿಸಿದೆ.

ಭಟ್ಟರು ಸಟ್ಟುಗ ಕೆಳಗಿಟ್ಟರು. "ಶನಿವಾರ ಎಲ್ಲಿಂದ್ ಬಂತ್ ದೊಡ್ಡಮ್ಮ? ಆಟ ಭಾನುವಾರ ಅಲ್ದಾ?"

"ಸೂರ್ಯ ಹುಟ್ಟೂಕ್ ಮುಂಚೆ ಶನಿವಾರವೇ. ನೀವ್ ಭಟ್ರಾಯ್ಕಂಡ್ ನಿಮ್ಗ್ ಗೊತ್ತಿಲ್ಯಾ?"

"ನಂಗ್ ಗೊತ್ತಿತ್ತ್. ಆದ್ರೆ ಯಾವ ಊರ್ ಸೂರ್ಯ?" ಎಂದರು ಭಟ್ಟರು. "ಆಟ ಆಪುದ್ ಅಲ್ಲಿ. ಅಲ್ಲಿ ಸೂರ್ಯ ಹುಟ್ಟಿ, ನೆತ್ತಿಗ್ ಬಂದ್, ಕಂತೂಕ್ ಹೊರ್ಟಿರ್ತ. ಕೋಳಿ ಇಪ್ಪುದ್ ಅಲ್ಲಿ, ವಾರ ಈಸ್ಟ್ ಹ್ಯಾಮಿಂದಾ?"

ಇಡ್ಲಿ ಪಾತ್ರೆ ತಿಕ್ಕುತ್ತಿದ್ದವನೊಬ್ಬ ನಿಧಾನವಾಗಿ ತಲೆ ಎತ್ತಿದ.

ಅವರು ಅಷ್ಟಕ್ಕೇ ಬಿಡಲಿಲ್ಲ. "ಅದೂ ಹೋಗ್ಲಿ. ಕಾಲ ಬದಲಾಯ್ತ್ ಅಂದ್ ಈಗ ಎರಡೂ ಕಡೆ ಗಡಿಯಾರ ಒಂದೊಂದ್ ಗಂಟೆ ತಿರ್ಗ್ಸಿದ್ರ್. ಇಲ್ಲಿ ಮುಂದೆ, ಅಲ್ಲಿ ಹಿಂದೆ. ಈ ಸಲ ಆಟ ಶುರುವಾಪು ಹೊತ್ತಿಗೆ ಇಲ್ಲೂ ಬೆಳ್ಕಾಯಿರತ್ತ್. ಎಲ್ಲಿ ನಿಂತ್ ಕಂಡ್ರೂ ಭಾನುವಾರವೇ."

ಭಾನುವಾರ ಕೆಂಪಿನ ವಾರ. ಅದರ ಎದುರು ಕಂದು ನಿಲ್ಲುವುದಿಲ್ಲ. ಅಪ್ಪಯ್ಯ ಆ ಸಾಲನ್ನು ಹೇಳುವಾಗ ದನಿ ಕೂಡ ತಗ್ಗಿಸುತ್ತಿದ್ದರು.

ಮನೆಗೆ ಬಂದೆ. ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲು ಹತ್ತುತ್ತ ಇಡೀ ಸೀಸನ್ನನ್ನು ಭಾನುವಾರದ ಲೆಕ್ಕದಲ್ಲಿ ಮತ್ತೆ ಹಾಕಿ ನೋಡಿದೆ. ಮೂರನೆಯ ಮಹಡಿಗೆ ಬರುವಾಗ ಗೊತ್ತಾಯಿತು, ಸರಿಯಾದ ವಾರ ಹಿಡಿದಿದ್ದರೆ ನಾನು ಹೇಳಿದ್ದೆಲ್ಲ ಹೆಚ್ಚುಕಡಿಮೆ ತಪ್ಪಾಗುತ್ತಿತ್ತು. ತಪ್ಪು ವಾರ ಹಿಡಿದದ್ದರಿಂದ ಸರಿಯಾಗಿತ್ತು. ಇನ್ನು ಕೊನೆಯ ಆಟಕ್ಕೆ ಯಾವುದನ್ನು ಹಿಡಿಯುವುದು? ತಪ್ಪನ್ನೇ ಹಿಡಿಯೋಣ ಎಂದರೆ ಆ ತಪ್ಪು ಮಾಡಲು ಈಗ ಕತ್ತಲೆ ಇಲ್ಲ. ಮೆಟ್ಟಿಲ ಮೇಲೆ ಕೂತೆ. ಮೇಲಿನ ಮನೆಯ ಹೆಂಗಸು, ಆಂಬ್ಯುಲೆನ್ಸ್ ಕರೆಯಲೇ ಎಂದು ಕೇಳಿದಳು. ನನ್ನ ಮುಖ ಹಾಗಿತ್ತಂತೆ.

ಮಗಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಿದಳು.

"ಹಾಂಗಾರೆ ಸೋಲ್ತ್ರ್."

"ಲೆಕ್ಕ ಹಾಂಗ್ ಹೇಳತ್ತ್."

"ಅವ್ಳ್ ಕೇಂಡ್ರೆ ಅದ್ನೇ ಹೇಳ್ ಅಮ್ಮ." ಮಗಳು ನನ್ನ ಕಡೆ ನೋಡಲಿಲ್ಲ. "ಸುಳ್ಳ್ ಹೇಳ್ ಅಂಬ್ದಿಲ್ಲೆ. ಇಪ್ಪುದನ್ನೇ ಹೇಳ್. ಅವ್ಳಿಗ್ ಮನ್ಸ್ ಗಟ್ಟಿ ಆತ್ತ್. ಆಫೀಸ್ನವ್ರಿಗೆ ಹೂಂ ಅಂತ್ಲ್. ಬಂದ್ ಇಲ್ಲೇ ಇರ್ತ್ಲ್."

ನನಗೆ ಸಿಟ್ಟು ಬಂತು. ಮಗಳ ಮೇಲಲ್ಲ, ಅವಳು ಹೇಳಿದ್ದರಲ್ಲಿ ತಪ್ಪೇನಿದೆ, ತಾಯಿ. ಸಿಟ್ಟು ಬಂದದ್ದು ನನ್ನ ಮೇಲೆ. ನೊರೆಕಾಫಿಯ ಆಸೆಗೆ ಅಷ್ಟು ದಿನ ಕಣ್ಣು ಮುಚ್ಚಿ ಕೂತೆ, ಈಗ ಒಂದು ಹುಡುಗಿಯ ಹೊಟ್ಟೆಪಾಡು ನನ್ನ ನಾಲಿಗೆಯ ತುದಿಗೆ ಬಂದು ಕೂತಿದೆ. ಅಲ್ಲಿ ಹನ್ನೊಂದು ಜನ ವಾರೆ ಕೊಕ್ಕಿನ ಪ್ಲಾಸ್ಟಿಕ್ ಹುಂಜದ ಕೆಳಗೆ ಬೂಟು ಕಟ್ಟುತ್ತಿದ್ದಾರೆ. ಸೋಲುತ್ತೀರಿ ಎಂದರೆ ಅವರ ಕಾಲು ಸೋಲುತ್ತದೆ. ಗೆಲ್ಲುತ್ತೀರಿ ಎಂದರೆ ನಾನು ಸುಳ್ಳಿ. ನಾನು ಜನರ ಮುಖದ ಮೇಲೆ ಹೇಳಿ ಹೇಳಿಯೇ ಸಂಬಂಧ ಕೆಡಿಸಿಕೊಂಡವಳು, ಈ ವಯಸ್ಸಿಗೆ ಸಿಹಿ ಮಾತು ಕಲಿಯಲು ಆಗುವುದಿಲ್ಲ.

ಆಟದ ದಿನ ಬೆಳಿಗ್ಗೆ ಫೋನ್ ಬಂತು. ಹಿಂದೆ ಹುಡುಗಿಯರು ಕಿಸಿಕಿಸಿ ನಗುವ ಸದ್ದು.

"ಅಮ್ಮಮ್ಮಾ, ಯು ಆರ್ ಆನ್ ಸ್ಪೀಕರ್. ವಾಟ್ ಡು ದ ಚಿಕನ್ಸ್ ಸೇ?"

ಮಗಳು ನನ್ನ ಎದುರೇ ನಿಂತಿದ್ದಳು, ಕೈಯಲ್ಲಿ ಹಾಲಿನ ಪಾತ್ರೆ.

"ಕೋಳಿಗ್ ತನ್ನ್ ಗರಿ ಎಂತ ಬಣ್ಣ ಅಂದ್ ಗೊತ್ತಿತ್ತಾ ಮಗಾ?" ಎಂದೆ.

"ವಾಟ್?"

"ಲೆಕ್ಕ ಎಲ್ಲಾ ಗದ್ದಿ ಅಂಚಲ್ಲ್ ನಿಂತ್ ಪಂಥ ಕಟ್ಟುವವ್ರಿಗೆ. ಕಾದು ಕೋಳಿ ಹತ್ರ ಯಾರೂ ಹೇಳ್ತಿರ್ಲಿಲ್ಲೆ. ಅದಕ್ಕೆ ವಾರವೂ ಗೊತ್ತಿಲ್ಲೆ, ಬಣ್ಣವೂ ಗೊತ್ತಿಲ್ಲೆ. ಎದುರಿಗ್ ಬಂದದ್ದನ್ನ್ ಕಾಂಬುದ್, ಹಾರುದ್. ನಿಂಗ್ ಎಂತಕೆ ಲೆಕ್ಕ?"

ಅವಳು ಉಳಿದವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಸೋ... ವಿ ಲೂಸ್?"

"ಫೋನ್ ಇಡ್."

ಮಗಳು ಹಾಲು ಒಲೆಯ ಮೇಲಿಟ್ಟಳು. "ನೀ ಹೇಳ್ಲಿಲ್ಲೆ," ಎಂದಳು.

"ಅವ್ಳ್ ಕೇಂಡದ್ದಕ್ಕೆ ಉತ್ರ ಕೊಟ್ಟೆ."

"ಕೊಡ್ಲಿಲ್ಲೆ."

"ಹಾಲ್ ಉಕ್ಕತ್ತ್ ಕಾಣ್."

ಅಂಥ ಸಪ್ಪೆ ಆಟವನ್ನು ನಾನು ಇಡೀ ಸೀಸನ್ನಿನಲ್ಲಿ ನೋಡಿರಲಿಲ್ಲ. ಚೆಂಡು ಆ ಕಡೆ, ಚೆಂಡು ಈ ಕಡೆ. ಕೆಂಪಿನವರು ಒತ್ತಿಕೊಂಡು ಬರುತ್ತಿದ್ದರು, ನಮ್ಮವರು ಒದ್ದು ಹೊರಗೆ ಹಾಕುತ್ತಿದ್ದರು, ಮತ್ತೆ ಅದೇ. ನಮ್ಮವಳ ಹೆಸರನ್ನು ಟಿವಿಯವರು ಒಮ್ಮೆಯೂ ಹೇಳಲಿಲ್ಲ, ಅಂದರೆ ಸರಿಯಾಗಿ ಆಡುತ್ತಿದ್ದಾಳೆ ಎಂದು ನಾವು ತಿಳಿದುಕೊಂಡೆವು. ಕಿಟಕಿಯಿಂದ ಬಿಸಿಲು ಬಂದು ಟಿವಿಯ ಮೇಲೆ ಬಿತ್ತು. ಭಾನುವಾರದ ಬಿಸಿಲು. ನಾನು ಎದ್ದು ಕಿಟಕಿಯ ಪರದೆ ಎಳೆದು ಹಿಡಿದುಕೊಂಡು ನಿಂತೆ. ಕೋಣೆ ಕತ್ತಲಾಯಿತು.

"ಶನಿವಾರ ಮಾಡ್ತಿದ್ಯಾ?" ಎಂದಳು ಮಗಳು.

"ಕಣ್ಣಿಗ್ ಹೊಡಿತ್ತ್," ಎಂದೆ.

ಇನ್ನೇನು ಮುಗಿಯಿತು ಅನ್ನುವಾಗ ಕೆಂಪಿನವಳೊಬ್ಬಳು ಎಲ್ಲರನ್ನೂ ದಾಟಿ ಬಂದಳು. ನಮ್ಮ ಗೋಲು ಕಾಯುವವಳು ಮುಂದೆ ಓಡಿ ನೆಲಕ್ಕೆ ಬಿದ್ದಳು, ಬಲೆ ಪೂರ್ತಿ ಖಾಲಿ. ಕೆಂಪಿನವಳು ಒದ್ದಳು. ಆಗ ಎಲ್ಲಿಂದಲೋ ನಮ್ಮ ಹುಡುಗಿ ಗೆರೆಯ ಮೇಲೆ ಬಂದಿದ್ದಳು. ಕಾಲು ಎತ್ತಲು ಹೊತ್ತಿಲ್ಲ, ತಲೆ ತಗ್ಗಿಸಲು ಹೊತ್ತಿಲ್ಲ. ಚೆಂಡು ಸೀದಾ ಮುಖಕ್ಕೆ ಬಡಿದು ಹೊರಗೆ ಹೋಯಿತು. ಅವಳು ಮಗುಚಿ ಬಿದ್ದಳು. ಮಗಳು ಕಿರುಚಿದಳು. ನಾನು ಪರದೆ ಬಿಟ್ಟುಬಿಟ್ಟೆ.

ಎದ್ದಳು. ಮೂಗಿನಿಂದ ರಕ್ತ ಸುರಿಯುತ್ತಿತ್ತು, ಕಂದು ಅಂಗಿಯಾದ್ದರಿಂದ ಅಷ್ಟು ಕಾಣಲಿಲ್ಲ. ಅದೇ ಚೆಂಡನ್ನು ಟಿವಿಯವರು ಮತ್ತೆ ಮತ್ತೆ ನಿಧಾನವಾಗಿ ತೋರಿಸಿದರು. ಆಗ ಸರಿಯಾಗಿ ಕಂಡಿತು: ಚೆಂಡು ತಗುಲಿದ್ದು ಕೆನ್ನೆಗಲ್ಲ, ಹಣೆಗಲ್ಲ, ಮೂಗಿನ ತುದಿಗೆ. ಆ ಮೂಗು ಅಪ್ಪಯ್ಯನದ್ದು. ನನಗೂ ಅದೇ, ನನ್ನ ಮಗಳಿಗೂ ಅದೇ. ನನ್ನನ್ನು ನೋಡಲು ಬಂದ ಮೊದಲ ಗಂಡಿನವರು ಬೇಡವೆಂದು ಹೋದದ್ದು ಅದೇ ಮೂಗಿನ ದೆಸೆಯಿಂದ. ಸಣ್ಣ, ಚಂದದ ಮೂಗಾಗಿದ್ದರೆ ಚೆಂಡು ಬದಿಯಿಂದ ಒಳಗೆ ಹೋಗುತ್ತಿತ್ತು. ಅಪ್ಪಯ್ಯನ ಲೆಕ್ಕ ಇಷ್ಟು ವರ್ಷ ತಲೆಯಲ್ಲಿ ಹೊತ್ತುಕೊಂಡು ತಿರುಗಿದೆ, ಕೆಲಸಕ್ಕೆ ಬಂದದ್ದು ಅದಲ್ಲ.

ಆಟ ಸೊನ್ನೆ ಸೊನ್ನೆ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಕೋಳಿ ಲೆಕ್ಕದಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಸಮವಾಯಿತು ಎಂದು ಅರ್ಧ ಸಾರು ಮಾಡಲಿಕ್ಕೆ ಆಗುವುದಿಲ್ಲವಲ್ಲ. ನಮ್ಮವರು ಮುಂದಿನ ಸುತ್ತಿಗೆ ಹೋದರು. ಅಲ್ಲಿ ಮೊದಲ ಆಟದಲ್ಲಿಯೇ ಚೆನ್ನಾಗಿ ಹೊಡೆಸಿಕೊಂಡು ಹೊರಗೆ ಬಂದರು, ಅದು ಬೇರೆ ವಿಷಯ.

ಸೋಮವಾರ ಹೋಟೆಲಿಗೆ ಹೋದೆ. ಕಾಫಿ ಬರಲಿಲ್ಲ. ಕೇಳಿದೆ, ಬಂತು, ಪೇಪರ್ ಕಪ್ಪಿನಲ್ಲಿ. ಇಡ್ಲಿ ಪಾತ್ರೆ ಯಾರೂ ತಿಕ್ಕದೆ ಹಾಗೇ ಬಿದ್ದಿತ್ತು, ಗೆದ್ದವರಿಲ್ಲ, ಸೋತವರಿಲ್ಲ, ಯಾರು ತಿಕ್ಕಬೇಕು ಎಂಬ ಜಗಳ ನಡೆಯುತ್ತಿತ್ತು.

"ದೊಡ್ಡಮ್ಮನೇ ತಿಕ್ಲಿ," ಎಂದರು ಭಟ್ಟರು. ತಿಕ್ಕಿದೆ. ಕೈ ನಡುಗಿದರೂ ಪಾತ್ರೆ ತಿಕ್ಕಲು ಬರುತ್ತದೆ.

ಕ್ಲಬ್ಬಿನವರು ಮೊಮ್ಮಗಳನ್ನು ಇನ್ನೊಂದು ವರ್ಷ ಇಟ್ಟುಕೊಂಡರು. ಅವಳು ಫೋನಿನಲ್ಲಿ ಹೇಳಿದಾಗ ಮಗಳು ಎದ್ದು ಹೋಗಿ ಒಲೆ ಆರಿಸಿ ಬಂದಳು. ಆಮೇಲೆ, "ಮೂಗ್ ಸರಿ ಆಯ್ತಾ?" ಎಂದು ಕೇಳಿದಳು. "ಸ್ವಲ್ಪ ಸೊಟ್ಟ," ಎಂದಳು ಆ ಕಡೆಯಿಂದ, ಕನ್ನಡದಲ್ಲಿಯೇ. ಮಗಳು ಆಡಿದ ಮಾತಿಗೆ ತಪ್ಪುವವಳಲ್ಲ. ಬಾಯಿ ತೆಗೆಯಲಿಲ್ಲ. ಬರಲಾಗುವುದಿಲ್ಲ ಎಂದು ಬ್ಯಾಂಕಿನವರಿಗೆ ಮರ್ಯಾದೆಯಿಂದ ಬರೆಯುವುದು ಹೇಗೆಂದು ತಾನೇ ಫೋನಿನಲ್ಲಿ ಹುಡುಗಿಗೆ ಹೇಳಿಕೊಟ್ಟಳು. ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇಬ್ಬರೂ ಮೊಸರು ಕಲಸಿಕೊಂಡು ಉಂಡೆವು.

ಮೊನ್ನೆ ಹೊಸ ಸೀಸನ್ನಿನ ಅಂಗಿಯ ಫೋಟೋ ಕಳಿಸಿದ್ದಾಳೆ. ಕಂದು ಬಣ್ಣ ಯಾರಿಗೂ ಹಿಡಿಸಲಿಲ್ಲವಂತೆ, ಬದಲಾಯಿಸಿದ್ದಾರೆ. ಗಿಳಿ ಹಸಿರು. ಕಿತ್ತಳೆಯನ್ನು ಕೆಂಪು ಎಂದೆ, ನೀಲಿಯನ್ನು ಬೂದು ಎಂದೆ, ಇದನ್ನು ಏನೆನ್ನಲಿ? ಈ ಲೆಕ್ಕದ ಸಹವಾಸ ಇಲ್ಲಿಗೆ ಮುಗಿಯಿತು, ಒಳ್ಳೆಯದೇ ಆಯಿತು ಎಂದು ಫೋಟೋ ಮುಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದಾಗ ನೆನಪಾಯಿತು. ಕಪ್ಪು ಹುಂಜದ ಬಾಲವನ್ನು ಬಿಸಿಲಿಗೆ ಹಿಡಿದರೆ ಹಸಿರಾಗಿಯೇ ಹೊಳೆಯುತ್ತದೆ. ಕಾಳು ಹಾಕುವಾಗ ಎಷ್ಟು ಸಲ ನೋಡಿದ್ದೇನೆ. ಅಂದರೆ ಹಸಿರು ಎಂದರೆ ಕಪ್ಪೇ. ಕಪ್ಪಿಗೆ ಸೋಮವಾರ ಬಹಳ ಒಳ್ಳೆಯದು. ಆಟವನ್ನೆಲ್ಲ ಸೋಮವಾರಕ್ಕೆ ಇಡಲು ನಿಮ್ಮ ಲೀಗಿನವರಿಗೆ ಹೇಳಿ ನೋಡು ಎಂದು ಮೊಮ್ಮಗಳಿಗೆ ಫೋನ್ ಮಾಡಿದೆ.

ಈ ಸಲ ಫೋನ್ ಇಟ್ಟವಳು ಅವಳು.